ಸೊನ್ನೆ ಇಲ್ಲದ ಬೆಳಗುಗಳು

ಗುಡ್ಲು ಹಾಕಿದವನೇ ಗುಡ್ಲು ಕೀಳಬೇಕು. ನಮ್ಮ ಕಡೆ ಇದು ಶಾಸ್ತ್ರ. ಹುಡುಗಿ ದೊಡ್ಡವಳಾದ ದಿನ ಅವಳ ಸೋದರಮಾವ ಹೊಂಗೆ ಸೊಪ್ಪು, ಅತ್ತಿ ಸೊಪ್ಪು ಕಡಿದು ತಂದು ಮನೆಯಿಂದ ಒಂದಿಷ್ಟು ದೂರದಲ್ಲಿ ಅವಳಿಗೊಂದು ಗುಡಿಸಲು ಕಟ್ಟುತ್ತಾನೆ. ಕೆಲವು ದಿನ ಕಳೆದ ಮೇಲೆ ಅವನೇ ಬಂದು ಆ ಸೊಪ್ಪನ್ನು ಕಿತ್ತು ಸುಡುತ್ತಾನೆ. ಆಮೇಲೆ ಹುಡುಗಿಗೆ ನೀರು ಎರೆದು, ಅವನು ತಂದ ಸೀರೆ ಉಡಿಸಿ, ಆರತಿ ಎತ್ತಿ ಒಳಗೆ ಕರೆದುಕೊಳ್ಳುತ್ತಾರೆ. ಅಲ್ಲಿಯತನಕ ಅವಳನ್ನು ಯಾರೂ ಮುಟ್ಟುವಂತಿಲ್ಲ, ಅವಳೂ ಯಾರನ್ನೂ ಮುಟ್ಟುವಂತಿಲ್ಲ. ಗುಡ್ಲಿನ ಬಾಗಿಲಿಗೆ ಅಡ್ಡವಾಗಿ ಒಂದು ಒನಕೆ ಮಲಗಿಸಿರುತ್ತಾರೆ. ಒನಕೆ ದಾಟುವುದು ದೊಡ್ಡ ಕೆಲಸವಲ್ಲ, ಕೋಳಿಮರಿಯೂ ದಾಟುತ್ತದೆ. ಆದರೆ ನನಗೆ ದಾಟಲಾಗಲಿಲ್ಲ. ಈ ಶಾಸ್ತ್ರ ಮಾಡಿದ ದೊಡ್ಡವರು ಎಲ್ಲವನ್ನೂ ಯೋಚಿಸಿದ್ದರು, ಗುಡ್ಲು ಹಾಕಿದವನು ಬರದೇ ಹೋದರೆ ಏನು ಮಾಡಬೇಕು ಅನ್ನುವುದೊಂದನ್ನು ಬಿಟ್ಟು.

ಯುದ್ಧದ ವರ್ಷಗಳು ಅವು. ಅಕ್ಕಿಗೆ, ಸೀಮೆಎಣ್ಣೆಗೆ ಎಲ್ಲಕ್ಕೂ ಅಳತೆ. ಅದು ಸಾಲದು ಎಂದು ನಮ್ಮ ಹಳ್ಳಿಯಲ್ಲಿ ಇಲಿ ಬಿದ್ದವು. ಉದ್ದನಪಲ್ಲಿ ಸುತ್ತಿನ ಹಳೆಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೂರಿನಿಂದ ಇಲಿಯೊಂದು ತಾನಾಗಿ ಸತ್ತು ಬಿತ್ತೆಂದರೆ ಪ್ಲೇಗು ಬಂತು ಅಂತಲೇ ಲೆಕ್ಕ. ಮನೆಗೆ ಬೀಗ ಹಾಕಿ, ದನ ಕರು ಪಾತ್ರೆ ಪಗಡ ಎತ್ತಿಕೊಂಡು, ಊರಿಗೆ ಊರೇ ಹೊಲಗಳಿಗೆ ಹೋಗಿ ಜೋಪಡಿ ಹಾಕಿಕೊಳ್ಳಬೇಕು. ಖಾಯಿಲೆ ಇಳಿಯುವವರೆಗೆ ಅಲ್ಲೇ ಬಾಳು. ನಾವು ನಮ್ಮ ರಾಗಿ ಹೊಲದಲ್ಲಿ ಜೋಪಡಿ ಹಾಕಿದೆವು. ಅವ್ವನ ತಮ್ಮ, ಅಂದರೆ ನನ್ನ ಮಾವ, ಅದಕ್ಕೆ ಕೈ ಹಚ್ಚಲು ತಳಿ ಕಡೆಯ ತನ್ನ ಹಳ್ಳಿಯಿಂದ ಬಂದಿದ್ದ. ಗಳ ನೆಟ್ಟು, ಮೇಲೆ ಹುಲ್ಲು ಹೊದಿಸಿ ಇನ್ನೇನು ಹೊರಡಬೇಕು, ನಾನು ದೊಡ್ಡವಳಾದೆ. ಎಲ್ಲರೂ ಎಂಥ ಅನುಕೂಲ ಎಂದರು. ಮಾವ ಕತ್ತಿ ತೆಗೆದುಕೊಂಡು ಹೋಗಿ ಸೊಪ್ಪು ತಂದ, ಜೋಪಡಿಗೆ ಆಚೆ, ಕಟಾವಾದ ರಾಗಿ ಕೂಳೆಯ ನಡುವೆ ಗುಡ್ಲು ಎಬ್ಬಿಸಿದ. ಸೀರೆ, ಅರಿಸಿನ ತರಲು ಊರಿಗೆ ಹೋಗಿ ಬೇಗ ಬರುತ್ತೇನೆ ಎಂದು ಹೇಳಿ ಹೋದ.

ಅವನು ಊರು ಸೇರುವಷ್ಟರಲ್ಲಿ ಅಲ್ಲೂ ಇಲಿ ಬಿದ್ದಿದ್ದವು. ಅವರ ಊರಿನವರು ದಾರಿಗೆ ಅಡ್ಡ ಮುಳ್ಳು ಹಾಕಿ ಕಾವಲು ಕೂತರು. ಒಳಗಿನವರು ಹೊರಗೆ ಬರುವ ಹಾಗಿಲ್ಲ, ಹೊರಗಿನವರು ಒಳಗೆ ಹೋಗುವ ಹಾಗಿಲ್ಲ. ಈ ಸುದ್ದಿಯನ್ನು ಹೂವಿನ ಗಂಪೆ ಬುಟ್ಟಿ ಹೊತ್ತು ಆ ಕಡೆಯಿಂದ ಬಂದವನೊಬ್ಬ ದೂರದಿಂದ ಕೂಗಿ ಹೇಳಿ ಹೋದ. ಹೀಗೆ ಮಾವ ಅಲ್ಲಿ ಸಿಕ್ಕಿಕೊಂಡ, ನಾನು ಇಲ್ಲಿ ಸಿಕ್ಕಿಕೊಂಡೆ.

ನಾನು ಅಲ್ಲಿಂದ ಹೊರಗೆ ಬರಲು ಒದ್ದಾಡುತ್ತಿದ್ದೆ ಎಂದುಕೊಂಡರೆ ಅದು ಅರ್ಧ ನಿಜ. ಹೊರಗೆ ಬಂದರೆ ಏನು ಕಾದಿದೆ ಅನ್ನುವುದು ನನಗೆ ಗೊತ್ತಿತ್ತು. ಮಾವ ಗುಡ್ಲು ಕಿತ್ತ ದಿನವೇ ತಾಂಬೂಲ ಬದಲಾಯಿಸಿ ನನ್ನನ್ನು ಅವನಿಗೆ ಕೊಡುವುದೆಂದು ಅಜ್ಜಿಯ ಮಾತಾಗಿತ್ತು. ಅಜ್ಜಿ ಅಂದರೆ ಅವ್ವನ ಅವ್ವ. ನಾನು ತೊಟ್ಟಿಲಲ್ಲಿದ್ದಾಗಲೇ ಆಡಿದ ಮಾತಂತೆ. ಅವ್ವನಿಗೆ ತನ್ನ ತಾಯಿಯ ಮಾತು ಅಂದರೆ ಕಲ್ಲಿನ ಮೇಲೆ ಕೆತ್ತಿದ್ದು. ಇತ್ತ ನಮ್ಮ ಮೇಷ್ಟ್ರು, ನಾನು ಲೆಕ್ಕದಲ್ಲಿ ಚುರುಕು ಎಂದು, ಹೊಸೂರಿನ ದೊಡ್ಡ ಸ್ಕೂಲಿಗೆ ಸೇರಿಸಿ, ಅಲ್ಲಿನ ತಮ್ಮ ತಂಗಿಯ ಮನೆಯಲ್ಲೇ ಇರಲಿ ಎಂದು ಅಪ್ಪನಿಗೆ ಹೇಳಿದ್ದರು. ಅಪ್ಪ ನೋಡೋಣ ಎಂದಿದ್ದ. ಅಪ್ಪನ ಬಾಯಲ್ಲಿ ನೋಡೋಣ ಬಂದರೆ ಮುಕ್ಕಾಲು ಪಾಲು ಆಯಿತು ಅಂತ ಅರ್ಥ. ನಾನು ಹೊಸೂರಿನ ಕನಸು ಕಾಣಲು ಶುರುಮಾಡಿಯೂ ಆಗಿತ್ತು. ಈಗ ನೋಡಿದರೆ ಕೈಗೆ ಬಂದ ತುತ್ತು ಬಾಯಿಗೆ ಬರುವಂತಿರಲಿಲ್ಲ.

ಮಾವ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆರೆ ಏರಿ ಸುತ್ತಿಸಿದವನು, ಹಲ್ಲುಸಂದಿಯಲ್ಲಿ ಸಿಳ್ಳೆ ಹಾಕುವುದನ್ನು ಕಲಿಸಿದವನು. ಅಂಥವನನ್ನು ಗಂಡ ಎಂದು ನೋಡುವುದು ನನಗೆ ಆಗುತ್ತಿರಲಿಲ್ಲ. ಗುಡ್ಲಿನಲ್ಲಿದ್ದರೆ ಗುಡ್ಲಿನ ಸೆರೆ, ಹೊರಗೆ ಬಂದರೆ ಮದುವೆಯ ಸೆರೆ. ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ, ಹಾಗೆ.

ಗುಡ್ಲಿನ ಒಳಗೆ ಎದ್ದು ನಿಂತರೆ ತಲೆಗೆ ಸೊಪ್ಪು ತಾಗುತ್ತಿತ್ತು. ಮೊದಲು ಹಸಿ ಸೊಪ್ಪಿನ ವಾಸನೆ ಚೆನ್ನಾಗಿಯೇ ಇತ್ತು. ಬರಬರುತ್ತ ಅದು ಒಣಗಿ, ಎಲೆ ಮುರುಟಿ, ಅಲ್ಲಲ್ಲಿ ಬಿಸಿಲು ತೂರಿ ಬರತೊಡಗಿತು. ಅವ್ವ ಹೊತ್ತುಹೊತ್ತಿಗೆ ಮುದ್ದೆ, ಸಾರು, ಎಳ್ಳು ಬೆಲ್ಲದ ಚಿಗಳಿ, ಕೊಬ್ಬರಿ ತಂದು ಒನಕೆಯ ಆಚೆ ಇಟ್ಟು ಹಿಂದೆ ಸರಿಯುತ್ತಿದ್ದಳು. ನಾನು ಕೈ ಚಾಚಿ ಎಳೆದುಕೊಳ್ಳುತ್ತಿದ್ದೆ. ಮಾತಾಡಬಹುದಿತ್ತು, ಆದರೆ ಅವ್ವನಿಗೆ ನಿಂತು ಮಾತಾಡಲು ಎಲ್ಲಿ ಹೊತ್ತು. ತಿಂದು ಕೂತು, ತಿಂದು ಕೂತು ನನಗೆ ಹುಚ್ಚು ಹಿಡಿಯುವ ಹಾಗಾಯಿತು. ನನ್ನ ಲಂಗದ ಗಂಟಿನಲ್ಲಿ ಸ್ಲೇಟಿನ ಒಂದು ತುಂಡು ಬಳಪ ಇತ್ತು. ಅದು ಇಲ್ಲದಿದ್ದರೆ ಏನಾಗುತ್ತಿದ್ದೆನೋ.

ಊರಲ್ಲಿ ಇಲಿ ಬೀಳುವುದಕ್ಕೆ ಮುಂಚೆ ಮೇಷ್ಟ್ರು ಒಂದು ದಿನ ಬೋರ್ಡಿನ ಮೇಲೆ ೨ ಬರೆದು ದುಪ್ಪಟ್ಟು ಮಾಡುತ್ತ ಹೋಗಿದ್ದರು. ೨, ೪, ೮, ೧೬, ೩೨, ೬೪, ೧೨೮, ೨೫೬, ೫೧೨. ಅವರು ಪಾಠ ಮಾಡುವುದು ಕನ್ನಡದಲ್ಲಿ, ಲೆಕ್ಕ ಮಾಡುವಾಗ ಬಾಯೊಳಗೆ ತೆಲುಗು, ಬೈಯುವಾಗ ತಮಿಳು. ಒಂಬತ್ತು ಸಲ ಬರೆದಾಯಿತು, ಎಲ್ಲೂ ಸೊನ್ನೆ ಬಂದಿಲ್ಲ ನೋಡಿ ಎಂದರು. ಹತ್ತನೆಯದು ೧೦೨೪, ಅದರಲ್ಲಿ ಸೊನ್ನೆ ಬಂತು. ಮುಂದೆ ಎಲ್ಲೆಲ್ಲಿ ಬರುತ್ತದೆ, ಎಷ್ಟು ಬರುತ್ತದೆ, ಎಣಿಸಿಕೊಂಡು ಬನ್ನಿ ಎಂದು ಹೇಳಿ ಗಂಟೆ ಹೊಡೆಸಿದರು. ಯಾರೂ ಎಣಿಸಲಿಲ್ಲ. ಮೇಷ್ಟ್ರೂ ಮಾರನೆಯ ದಿನ ಕೇಳಲಿಲ್ಲ. ಆ ಮಾತು ನನ್ನ ತಲೆಯಲ್ಲಿ ಮಾತ್ರ ಉಳಿದುಬಿಟ್ಟಿತ್ತು.

ಗುಡ್ಲಿನ ನೆಲವನ್ನು ಸೆಗಣಿ ಹಾಕಿ ಸಾರಿಸುವ ಕೆಲಸ ನನ್ನದೇ, ಬೇರೆಯವರು ಒಳಗೆ ಬರುವ ಹಾಗಿಲ್ಲವಲ್ಲ. ಆ ನೆಲವೇ ನನ್ನ ಸ್ಲೇಟಾಯಿತು. ಆದರೆ ದಿನಾ ಬೆಳಗ್ಗೆ ಸಾರಿಸಿದರೆ ಬರೆದದ್ದೆಲ್ಲ ಹೋಗುತ್ತದೆ. ಅದಕ್ಕೊಂದು ಉಪಾಯ ಮಾಡಿಕೊಂಡೆ. ನೆಲವನ್ನು ಎರಡು ಪಾಲು ಮಾಡಿ, ಇವತ್ತು ಈ ಪಾಲು ಸಾರಿಸಿದರೆ ನಾಳೆ ಆ ಪಾಲು. ಹಳೆಯ ಸಂಖ್ಯೆ ಒಂದು ಕಡೆ ಇರುತ್ತದೆ, ಇನ್ನೊಂದು ಕಡೆ ಒಣಗಿದ ಮೇಲೆ ಅದರ ದುಪ್ಪಟ್ಟು ಬರೆಯುವುದು, ಆಮೇಲೆ ಹಳೆಯದನ್ನು ಸಾರಿಸಿಬಿಡುವುದು. ಹೀಗಾಗಿ ಯಾವಾಗಲೂ ಕೊನೆಯ ಸಂಖ್ಯೆಯೊಂದೇ ಉಳಿಯುತ್ತಿತ್ತು. ಬಂದ ಸೊನ್ನೆಗಳ ಲೆಕ್ಕಕ್ಕೆ ಹುಣಸೆ ಬೀಜ. ಒಂದು ಸೊನ್ನೆ ಕಂಡರೆ ಒಂದು ಬೀಜ ಮೂಲೆಯಲ್ಲಿ. ಬರೆದಾದ ಮೇಲೆ ಅಂಕಿಗಳನ್ನು ಗಟ್ಟಿಯಾಗಿ ಓದುತ್ತಿದ್ದೆ. ಮೊದಲಿಗೆ ಒಂದು ಬಂದರೆ ಲಾಭ ಎನ್ನುತ್ತಿದ್ದೆ, ಕಣದಲ್ಲಿ ರಾಗಿ ಅಳೆಯುವಾಗ ಅಪ್ಪ ಮೊದಲನೆಯ ಕೊಳಗಕ್ಕೆ ಹೇಳುವ ಹಾಗೆ.

ಮೊದಮೊದಲು ಹಸಿದವಳ ಹಾಗೆ ಒಂದೇ ದಿನ ಎಷ್ಟೋ ಬರೆದೆ. ಸಂಖ್ಯೆ ಉದ್ದವಾಗುತ್ತ ಹೋಯಿತು, ಬಳಪ ಗಿಡ್ಡವಾಗುತ್ತ ಬಂತು. ಮೂವತ್ತನೆಯದಕ್ಕೆ ಬಂದಾಗ ಮೂಲೆಯಲ್ಲಿ ಹನ್ನೊಂದು ಬೀಜ ಇದ್ದವು. ಆಗ ಹೀಗೆ ಸುರಿದುಕೊಂಡು ತಿಂದರೆ ಉಳಿಯುವುದಿಲ್ಲ ಅನ್ನಿಸಿ, ಸೀಮೆಎಣ್ಣೆಯ ಹಾಗೆ ಇದಕ್ಕೂ ಅಳತೆ ಇಟ್ಟೆ. ಬೆಳಗ್ಗೆಗೆ ಒಂದೇ ದುಪ್ಪಟ್ಟು. ಉಳಿದ ಹೊತ್ತು ಆ ಒಂದು ಸಂಖ್ಯೆಯನ್ನೇ ನೋಡುತ್ತ ಕೂರುವುದು.

ಹಾಗೆ ನೋಡುತ್ತ ಕೂತಾಗಲೇ ಒಂದು ಗುಟ್ಟು ತಿಳಿಯಿತು. ಕೊನೆಯ ಅಂಕಿ ಎಂದಿಗೂ ಸೊನ್ನೆ ಆಗುವುದಿಲ್ಲ, ಅದು ೨, ೪, ೮, ೬ರಲ್ಲೇ ಗಾಣದ ಎತ್ತಿನ ಹಾಗೆ ಸುತ್ತುತ್ತದೆ. ನಡುವೆ ಹೊಸ ಸೊನ್ನೆ ಹುಟ್ಟಬೇಕಾದರೆ ಐದರಿಂದಲೇ ಹುಟ್ಟಬೇಕು. ಐದೆರಡ್ಲ ಹತ್ತು, ಸೊನ್ನೆ ಬರೆದು ಕೈಯಲ್ಲಿ ಒಂದು. ಆದರೆ ಆ ಐದರ ಬಲಗಡೆ ಇರುವ ಅಂಕಿ ಐದೋ ಅದಕ್ಕಿಂತ ದೊಡ್ಡದೋ ಆಗಿದ್ದರೆ, ಅದರ ಕೈಯಲ್ಲಿನ ಒಂದು ಇಲ್ಲಿಗೆ ಬಂದು ಸೊನ್ನೆಯನ್ನು ಒಂದು ಮಾಡಿಬಿಡುತ್ತದೆ. ಬಲಗಡೆಯದು ಚಿಕ್ಕದಾಗಿದ್ದರೆ ಸೊನ್ನೆ ತಪ್ಪದು. ಇದ್ದ ಸೊನ್ನೆ ಹೋಗುವುದೂ ಹೀಗೆಯೇ, ಪಕ್ಕದ ಅಂಕಿ ದೊಡ್ಡದಾಗಿರಬೇಕು. ಅಂದರೆ ನಾಳೆ ಸೊನ್ನೆ ಬರುತ್ತದೋ ಇಲ್ಲವೋ ಅನ್ನುವುದನ್ನು ಇವತ್ತಿನ ಸಂಖ್ಯೆ ನೋಡಿಯೇ ಹೇಳಬಹುದು. ನಾಡಿದ್ದಿನದು ಹಾಗೆ ಕಣ್ಣಿಗೆ ಕಾಣುತ್ತಿರಲಿಲ್ಲ. ಇದನ್ನು ಕಂಡುಕೊಂಡ ದಿನ ನನಗೆ ಆದ ಸಂತೋಷಕ್ಕೆ ಹೇಳಿಕೊಳ್ಳಲು ಜನ ಇರಲಿಲ್ಲ. ಅವ್ವನಿಗೇ ಹೇಳಿದೆ.

ಅವ್ವನಿಗೆ ಅಕ್ಷರ ಬಾರದು. ಒನಕೆಯ ಆಚೆ ಕೂತು ಸೊನ್ನೆ ಅಂದರೆ ಯಾವುದು ತೋರಿಸು ಎಂದಳು. ನಾನು ಬೆರಳಿನಿಂದ ಗಾಳಿಯಲ್ಲಿ ಸುತ್ತಿ ತೋರಿಸಿದೆ. ಏನೂ ಇಲ್ಲದಿದ್ದರೆ ಅದನ್ನು ಹಾಕುತ್ತಾರೆ ಎಂದೆ. ಅವಳ ಮುಖ ಚಿಕ್ಕದಾಯಿತು.

"ಏನೂ ಇಲ್ಲ ಅನ್ನೋದ್ನ ಯಾಕವ್ವ ಬರೀತೀಯ, ಇಂಥಾ ಕಾಲ್ದಾಗೆ? ಅದು ಬಾರ್ದಂಗ್ ನೋಡ್ಕೋ" ಎಂದಳು.

ನಾನಾಗಿ ಬರೆಯುವುದಲ್ಲ, ಅದಾಗಿ ಬರುತ್ತದೆ ಎಂದು ವಿವರಿಸಿದೆ. ತಪ್ಪು ಮಾಡಿದ್ದು ಅಲ್ಲೇ ಎಂದು ಆಮೇಲೆ ಗೊತ್ತಾಯಿತು. ಅದಾಗಿ ಬರುವುದು ಅಂದರೆ ನಮ್ಮವರ ಪ್ರಕಾರ ದೇವರು ಹೇಳುವುದು. ಹೂ ಕೇಳುವುದಿಲ್ಲವೇ, ದೇವರ ತಲೆಯ ಮೇಲೆ ಹೂ ಇಟ್ಟು ಬಲಕ್ಕೆ ಬೀಳುತ್ತದೋ ಎಡಕ್ಕೆ ಬೀಳುತ್ತದೋ ಎಂದು ಕಾಯುವುದಿಲ್ಲವೇ, ಅವ್ವ ನನ್ನ ಲೆಕ್ಕವನ್ನು ಹಾಗೆ ತೆಗೆದುಕೊಂಡಳು. ಮುಳ್ಳುಬೇಲಿಯ ಆಚೆ ಅವಳ ತಾಯಿ, ಅವಳ ತಮ್ಮ. ಅಲ್ಲಿಂದ ಸುದ್ದಿ ಬರುವ ಹಾಗಿಲ್ಲ. ಸೊನ್ನೆ ಬಂದರೆ ಅಲ್ಲಿ ಯಾರೋ ಇಲ್ಲವಾದರು, ಬರದಿದ್ದರೆ ಎಲ್ಲರೂ ಇದ್ದಾರೆ, ಇಷ್ಟೇ ಅವಳ ಶಾಸ್ತ್ರ. ಮಾರನೆಯ ದಿನದಿಂದ ಸೆಗಣಿ ಬುಟ್ಟಿ ಒನಕೆಯ ಹತ್ತಿರ ಇಟ್ಟು, ನಾನು ಬರೆದು ಮುಗಿಸುವವರೆಗೆ ಅಲ್ಲೇ ಕಾದು ನಿಲ್ಲುತ್ತಿದ್ದಳು.

"ಸೊನ್ನೆ ಐತಾ?"

"ಇಲ್ಲ."

ಅಷ್ಟು ಕೇಳಿ ನಗುತ್ತ ಹೋಗುತ್ತಿದ್ದಳು. ಒಂದು ದಿನ ಚಿಗಳಿಯ ಜೊತೆ ಒಂದು ಹೊಸ ಬಳಪವೂ ಇತ್ತು. ಎಲ್ಲಿಂದ ತಂದಳೋ ಗೊತ್ತಿಲ್ಲ.

ಅವಳಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇತ್ತು. ಅವಳು ಕಾದು ನಿಲ್ಲಲು ಶುರುಮಾಡುವ ಹಿಂದಿನ ಸಂಜೆಯೇ ನಾನೂ ಒಂದು ಮಾತು ಕಟ್ಟಿಕೊಂಡಿದ್ದೆ. ಅವಳಿಗೆ ನಾನು ಬುದ್ಧಿ ಹೇಳಬೇಕು, ನನಗೆ ಯಾರು ಹೇಳಬೇಕು? ಶುರುವಿನಲ್ಲಿ ೨ರಿಂದ ೫೧೨ರವರೆಗೆ ಒಂಬತ್ತು ಸಲ ಸಾಲಾಗಿ ಸೊನ್ನೆ ಇಲ್ಲದೆ ಬಂದಿತ್ತಲ್ಲ, ಹಾಗೆ ಇನ್ನೊಮ್ಮೆ ಒಂಬತ್ತು ಬೆಳಗು ಸಾಲಾಗಿ ಬಂದರೆ ಮಾವ ಬರುವುದಿಲ್ಲ, ನಾನು ಹೊಸೂರಿಗೆ ಹೋಗುತ್ತೇನೆ. ಆಗ ನೆಲದ ಮೇಲೆ ಇದ್ದದ್ದು ಮೂವತ್ತನೆಯದು, ೧೦೭೩೭೪೧೮೨೪. ಎಡದ ಸೊನ್ನೆಯ ಪಕ್ಕದಲ್ಲಿ ಏಳು ಇದೆ, ಸಂಖ್ಯೆಯಲ್ಲಿ ಐದು ಎಲ್ಲೂ ಇಲ್ಲ. ನಾಳೆ ಸೊನ್ನೆ ಇರುವುದಿಲ್ಲ ಎಂದು ಗೊತ್ತಿಟ್ಟುಕೊಂಡೇ ಪಣ ಕಟ್ಟಿದ್ದೆ.

ಮೂವತ್ತೊಂದನೆಯದು ೨೧೪೭೪೮೩೬೪೮. ಸೊನ್ನೆ ಇಲ್ಲ. ಮರುದಿನದ್ದರಲ್ಲೂ ಇಲ್ಲ. ಅದರ ಮರುದಿನ ಎರಡು ಐದು ಬಂದವು, ನಾಳೆಗೆ ಪಣ ಮುರಿಯಿತು ಎಂದುಕೊಂಡೆ. ನೋಡಿದರೆ ಒಂದರ ಬಲಕ್ಕೆ ಎಂಟು, ಇನ್ನೊಂದರ ಬಲಕ್ಕೆ ಒಂಬತ್ತು. ಪಕ್ಕದವರು ಗಟ್ಟಿಯಿದ್ದರು, ಉಳಿದುಕೊಂಡವು. ನಾಲ್ಕನೆಯ ಬೆಳಗೂ ಇಲ್ಲ. ಅವತ್ತು ಅಮಾವಾಸ್ಯೆ. ಎತ್ತಿಗೆ ನೊಗ ಹೂಡುವ ಹಾಗಿಲ್ಲದ ದಿನವಾದ್ದರಿಂದ ಅಪ್ಪ ಜೋಪಡಿಯಲ್ಲೇ ಇದ್ದ, ಅವನೂ ಅವ್ವನ ನಗು ನೋಡಿ ಏನು ವಿಶೇಷ ಎಂದು ಕೇಳಿದ. ಎಲ್ಲಾರೂ ಚೆನ್ನಾಗವ್ರೆ ಅಂತ ಹುಡ್ಗಿ ಲೆಕ್ಕ ಹೇಳ್ತೈತೆ ಎಂದಳು ಅವ್ವ. ಅಪ್ಪ ಅವಳನ್ನೊಮ್ಮೆ, ಗುಡ್ಲಿನ ಕಡೆಗೊಮ್ಮೆ ನೋಡಿ ಬೀಡಿ ಹಚ್ಚಿಕೊಂಡ.

ಆ ದಿನಗಳಲ್ಲೇ ಒಂದು ಸಂಜೆ ಸಾನಮಾವು ಕಾಡಿನ ಕಡೆಯಿಂದ ಆನೆಗಳು ಇಳಿದವು. ಕುಯ್ಯದೆ ಉಳಿದಿದ್ದ ರಾಗಿ ಹೊಲಗಳಿಗೆ ಅವು ಪ್ರತಿ ವರ್ಷವೂ ಬರುತ್ತವೆ, ಆದರೆ ಆ ವರ್ಷ ನಾವೇ ಹೊಲದಲ್ಲಿ ಇದ್ದೆವು. ತಗಡು ಬಡಿಯುವ ಸದ್ದು, ಬೆಂಕಿ, ಕೂಗು. ಎಲ್ಲರೂ ಬಂಡೆಯ ಮೇಲಕ್ಕೆ ಓಡಿದರು. ಹುಡುಗಿಯನ್ನು ಹೊರಗೆ ಕರೆ ಎಂದು ಅಪ್ಪ ದೂರದಿಂದ ಕಿರುಚುತ್ತಿದ್ದ. ಹಾಕಿದವನು ಬಾರದೆ ಹೇಗೆ ಕರೆಯಲಿ ಎಂದು ಅವ್ವ ಇಲ್ಲಿಂದ ಕಿರುಚಿದಳು. ಕರೆಯಲೂ ಇಲ್ಲ, ಬಿಟ್ಟು ಹೋಗಲೂ ಇಲ್ಲ. ಉರಿಯುವ ಹುಲ್ಲಿನ ಸಿವುಡು ಹಿಡಿದುಕೊಂಡು ಒನಕೆಯ ಆಚೆ, ನನಗೆ ಬೆನ್ನು ಹಾಕಿ ನಿಂತಳು. ಆನೆಗಳು ಕೆರೆಯ ಕಡೆಗೆ ತಿರುಗಿಕೊಂಡವು. ನನ್ನ ಕೈ ಚಾಚಿದರೆ ಅವಳ ಸೆರಗು ಸಿಕ್ಕುತ್ತಿತ್ತು. ಚಾಚಲಿಲ್ಲ.

ಐದು ಬೆಳಗಾಯಿತು, ಆರಾಯಿತು. ಸೊನ್ನೆ ಇಲ್ಲ. ಮೊದಲು ನಾನು ಹಿಗ್ಗಿದ್ದು ನಿಜ. ಆರನೆಯ ಬೆಳಗಿನ ಹೊತ್ತಿಗೆ ಹಿಗ್ಗೆಲ್ಲ ಇಳಿದು ಭಯ ಹತ್ತಿಕೊಂಡಿತು. ಮಾವ ಬರುವುದಿಲ್ಲ ಎಂದು ಪಣ ಕಟ್ಟಿದ್ದೆನಲ್ಲ, ಪ್ಲೇಗಿನ ಊರಿನಲ್ಲಿ ಇರುವವನು ಬರುವುದಿಲ್ಲ ಅಂದರೆ ಏನು ಅರ್ಥ? ಯಾವ ಸೊನ್ನೆ ಬಾರದಿರಲಿ ಎಂದು ಅವ್ವ ಬೇಡುತ್ತಿದ್ದಳೋ ಅದೇ ಬಾರದಿರಲಿ ಎಂದು ನಾನೂ ಬೇಡುತ್ತಿದ್ದೆ. ಅವಳು ಬೇಡುತ್ತಿದ್ದದ್ದು ತಮ್ಮ ಬದುಕಲಿ ಎಂದು. ನನ್ನದು ಏನು ಎಂದು ಹೇಳಿಕೊಳ್ಳಲು ನನಗೇ ಧೈರ್ಯವಿರಲಿಲ್ಲ. ಅವಳು ನಗುತ್ತ ಹೋದಾಗಲೆಲ್ಲ ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ. ಬಿಟ್ಟುಬಿಡೋಣವೆಂದರೆ ಅವ್ವ ಬುಟ್ಟಿ ಇಟ್ಟುಕೊಂಡು ಕಾಯುತ್ತಾಳೆ. ಲೆಕ್ಕವೂ ಈಗ ನನ್ನ ಕೈಯಲ್ಲಿ ಇರಲಿಲ್ಲ, ನಾನೇ ಅದರ ಕೈಯಲ್ಲಿ ಸಿಕ್ಕಿಕೊಂಡಿದ್ದೆ.

ಏಳನೆಯ ಬೆಳಗು ಬಂದದ್ದು ೧೩೭೪೩೮೯೫೩೪೭೨. ಸೊನ್ನೆ ಇಲ್ಲ ಎಂದೆ, ಅವ್ವ ನಕ್ಕು ಹೋದಳು. ಆಮೇಲೆ ಬಲದಿಂದ ಎಡಕ್ಕೆ ನಿಧಾನವಾಗಿ ನೋಡುತ್ತ ಬಂದೆ. ಅಲ್ಲಿತ್ತು. ಐದು, ಅದರ ಬಲಕ್ಕೆ ಮೂರು. ಮೂರೆರಡ್ಲ ಆರು, ಕೈಯಲ್ಲಿ ಏನೂ ಇಲ್ಲ. ನಾಳೆ ಸೊನ್ನೆ ಬರು‍ತ್ತದೆ. ಒಂಬತ್ತಕ್ಕೆ ಇನ್ನೆರಡು ಇದ್ದಾಗ ಮುರಿಯುತ್ತದೆ. ಹೊಸೂರು ಹೋಯಿತು ಎಂದು ಅಳು ಬಂತು. ಹಿಂದೆಯೇ ಮಾವ ಬದುಕಿದ ಎಂದು ಹಗುರವಾಯಿತು. ಎರಡೂ ಸುಳ್ಳು ಅನ್ನುವ ಬುದ್ಧಿ ನನಗೆ ಇರಲಿಲ್ಲ ಅಂತಲ್ಲ, ಆ ಗುಡ್ಲಿನಲ್ಲಿ ಕೂತವಳಿಗೆ ಹಿಡಿದುಕೊಳ್ಳಲು ಬೇರೆ ಏನೂ ಇರಲಿಲ್ಲ. ಆಮೇಲಿನ ವರ್ಷಗಳಲ್ಲಿ ನಾನು ಕಾಗದದ ಮೇಲೆ ನೂರನೆಯದನ್ನೂ ದಾಟಿ ಹೋಗಿದ್ದೇನೆ. ಒಂಬತ್ತರ ಸಾಲು ಮತ್ತೆ ಸಿಗಲಿಲ್ಲ. ಆ ಏಳೇ ದೊಡ್ಡದು. ಎಂಬತ್ತಾರನೆಯದರ ಆಚೆ ಸೊನ್ನೆ ಇಲ್ಲದ ಸಂಖ್ಯೆ ಒಂದೂ ನನಗೆ ಕಂಡಿಲ್ಲ.

ಎಂಟನೆಯ ಬೆಳಗು ಬರೆದೆ. ೨೭೪೮೭೭೯೦೬೯೪೪.

"ಸೊನ್ನೆ ಐತಾ?"

ಸುಳ್ಳು ಹೇಳಬಹುದಿತ್ತು. ಅವಳಿಗೆ ಓದಲು ಬಾರದು. ಆದರೆ ಗಾಳಿಯಲ್ಲಿ ಸುತ್ತಿ ತೋರಿಸಿದ್ದೆನಲ್ಲ, ಅವಳು ಬಗ್ಗಿ ನೋಡುತ್ತಿದ್ದಳು, ಅವಳ ಕಣ್ಣು ಆಗಲೇ ಆ ದುಂಡನೆಯ ಅಂಕಿಯ ಮೇಲೆ ನಿಂತಿತ್ತು. ಒಂದಿದೆ ಎಂದೆ. ಅವ್ವ ಬುಟ್ಟಿಯನ್ನು ಅಲ್ಲೇ ಬಿಟ್ಟು ಹೋದಳು. ಹನ್ನೆರಡನೆಯ ಬೀಜವನ್ನು ಮೂಲೆಯಲ್ಲಿಟ್ಟೆ. ಮಾರನೆಯ ದಿನ ಅವಳು ಕೇಳಲಿಲ್ಲ. ಅಂದಿನದರಲ್ಲಿ ಸೊನ್ನೆ ಇಲ್ಲ ಎಂದು ನಾನಾಗಿಯೇ ಕೂಗಿ ಹೇಳಿದರೂ ತಿರುಗಿ ನೋಡಲಿಲ್ಲ. ಅವಳ ಮಟ್ಟಿಗೆ ದೇವರು ಹೇಳುವುದನ್ನು ಹೇಳಿಯಾಗಿತ್ತು.

ಅಷ್ಟು ಹೊತ್ತಿಗೆ ಗುಡ್ಲಿನ ಎಲೆಗಳೆಲ್ಲ ಉದುರಿ ಬರೀ ಕಡ್ಡಿ ಉಳಿದಿದ್ದವು. ಒಳಗೆ ಕೂತೇ ನಾನು ಸುತ್ತ ಎಲ್ಲವನ್ನೂ ನೋಡಬಹುದಿತ್ತು. ಹೊರಗಿನವರೂ ನನ್ನನ್ನು ನೋಡಬಹುದಿತ್ತು. ಮರೆ ಎಂಬುದು ಹೋಗಿ ಸೆರೆ ಮಾತ್ರ ಉಳಿದಿತ್ತು. ದುಪ್ಪಟ್ಟು ಮಾಡುತ್ತಲೇ ಇದ್ದೆ, ಮನಸ್ಸು ಅದರಲ್ಲಿ ಇರಲಿಲ್ಲ. ಸೊನ್ನೆಗಳು ಎರಡೆರಡು, ಮೂರು ಮೂರು ಬರತೊಡಗಿದವು.

ಮಾವ ಬಂದದ್ದು ಒಂದು ಬೆಳಗ್ಗೆ, ಬಿಸಿಲು ಏರಿದ ಮೇಲೆ. ಅವರ ಊರಿನ ದಾರಿಯ ಮುಳ್ಳು ತೆಗೆದಿದ್ದರಂತೆ. ಅಪ್ಪ ಬೀಗ ಹಾಕಿದ ಮನೆ ನೋಡಿಕೊಂಡು ಬರಲು ಊರ ಕಡೆ ಹೋಗಿದ್ದ. ಬೇರೆ ಹೆಂಗಸರು ದೂರದ ಕಣದಲ್ಲಿದ್ದರು. ಪ್ಲೇಗಿನ ಊರಿನಿಂದ ಬಂದವರು ಹುಲ್ಲಿನ ಬಣವೆ ದಾಟಿ ಈಚೆ ಬರಬಾರದು ಎಂದು ನಮ್ಮ ಜೋಪಡಿಗಳ ಕಟ್ಟಳೆ. ಮಾವ ಬಣವೆಯ ಹತ್ತಿರ ಬಂದು ನಿಂತ. ಅವ್ವ ನನಗೆ ಊಟ ತರುತ್ತಿದ್ದವಳು ಅವನನ್ನು ಕಂಡು ಬಂದ್ಯೇನಪ್ಪಾ ಎಂದು ಮುಖ ಅರಳಿಸಿ ಎರಡು ಹೆಜ್ಜೆ ಇಟ್ಟಳು. ಮಾವ ತಲೆಯ ಮೇಲಿನ ಟವೆಲ್ಲು ತೆಗೆದ. ತಲೆ ಬೋಳಿಸಿತ್ತು. ಮೀಸೆಯೂ ಇರಲಿಲ್ಲ.

"ಅಕ್ಕಾ, ಅವ್ವ ಹೋಗ್ಬುಟ್ಳು" ಎಂದ. "ಅಮಾಸೆ ದಿನ. ಹೇಳಿ ಕಳ್ಸಾಕೂ ಬಿಡ್ಲಿಲ್ಲ ಕಣಕ್ಕಾ."

ಅವ್ವ ತಟ್ಟೆಯನ್ನು ಚೆಲ್ಲದೆ ನೆಲದ ಮೇಲೆ ಇಟ್ಟಳು. ಆಮೇಲೆ ಕೂತಳು. ಆಮೇಲೆ ಕೂಳೆಯ ಮೇಲೆ ಮಗ್ಗುಲಾಗಿ ಬಿದ್ದು, ಸಣ್ಣ ಮಗುವಿನ ಹಾಗೆ ಮೊಣಕಾಲು ಮಡಿಚಿಕೊಂಡು ಅಳತೊಡಗಿದಳು. ಮಾವ ಬಣವೆಯ ಹತ್ತಿರವೇ ನಿಂತು ಅಳುತ್ತಿದ್ದ, ಅವನು ಈಚೆ ಬರುವ ಹಾಗಿಲ್ಲ. ನಾನು ಆಚೆ ಹೋಗುವ ಹಾಗಿಲ್ಲ. ನಡುವೆ ಅವಳೊಬ್ಬಳೇ. ಕಣದಿಂದ ಹೆಂಗಸರು ಓಡಿ ಬರುತ್ತಿದ್ದದ್ದು ಕಾಣುತ್ತಿತ್ತು, ಆದರೆ ಅವರು ಇನ್ನೂ ತುಂಬಾ ದೂರದಲ್ಲಿದ್ದರು.

ನಾನು ಒನಕೆ ದಾಟಿದೆ. ಹೋಗಿ ಅವಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡೆ. ಮುಟ್ಟಬೇಡ ಎಂದು ಒಂದು ಸಲ ನನ್ನ ಕೈಯನ್ನು ತಳ್ಳಿದಳು. ಎರಡನೆಯ ಸಲ ಅದೇ ಕೈಯನ್ನು ಹಿಡಿದುಕೊಂಡಳು. ಎಷ್ಟು ಬಿಗಿಯಾಗಿ ಅಂದರೆ ಅವಳ ಬಳೆ ನನ್ನ ಮಣಿಕಟ್ಟಿಗೆ ಒತ್ತಿತು. ಅಷ್ಟು ದಿನದ ಮೇಲೆ ಒಬ್ಬರು ನನ್ನನ್ನು ಮುಟ್ಟಿದ್ದರು. ಅಜ್ಜಿಗಾಗಿ ಅಳುತ್ತಿದ್ದೆನೋ, ಅದಕ್ಕಾಗಿಯೋ, ಬಿಡಿಸಿ ಹೇಳಲಾರೆ.

ಸಂಜೆ ಜೋಪಡಿಯ ಮುಂದೆ ಮಾತಾಯಿತು. ಗುಡ್ಲು ಕೀಳುವ ಮೊದಲೇ ಹುಡುಗಿ ತಾನಾಗಿ ದಾಟಿ ಬಂದಳು, ಇಂಥವಳನ್ನು ಗುಡ್ಲು ಹಾಕಿದವನ ಮನೆಗೆ ತಂದುಕೊಂಡರೆ ಆ ಮನೆ ಏಳಿಗೆಯಾಗುವುದಿಲ್ಲ ಎಂದು ಹೆಂಗಸರು ಒಬ್ಬರ ಕಿವಿಯಲ್ಲಿ ಒಬ್ಬರು ಹೇಳಿಕೊಂಡರು. ಒಂದು ವರ್ಷ ಆ ಮನೆಯಲ್ಲಿ ಶುಭಕಾರ್ಯವೂ ಇಲ್ಲ. ಬಣವೆಯ ಆಚೆಯಿಂದ ಮಾವ, ಅಕ್ಕ ಹೇಳಿದ ಹಾಗೆ ಎಂದಷ್ಟೇ ಹೇಳಿ, ಊಟವನ್ನೂ ಅಲ್ಲೇ ಮುಗಿಸಿ ಹೊರಟುಹೋದ. ಅಪ್ಪ ಅವ್ವನ ಮುಖ ನೋಡಿದ. ಆಮೇಲೆ ಎದ್ದು ಹೋಗಿ ಗುಡ್ಲಿನ ಕಡ್ಡಿಗಳಿಗೆ ತಾನೇ ಬೆಂಕಿ ಇಟ್ಟ. ಒಣಗಿದ್ದವಲ್ಲ, ಬೇಗ ಉರಿದು ಹೋದವು.

ಎಲ್ಲರೂ ಹೋದ ಮೇಲೆ ಅವ್ವ ನನ್ನನ್ನು ಹತ್ತಿರ ಕೂರಿಸಿಕೊಂಡಳು. ಆಮೇಲೆ ಕೇಳಿದಳು.

"ಅಮಾಸೆ ದಿನ ಸೊನ್ನೆ ಇತ್ತೇನವ್ವ?"

"ಇರ್ಲಿಲ್ಲ ಕಣವ್ವ."

"ನಾನವತ್ತು ನಗ್ತಾ ಹೋದೆ" ಎಂದಳು. "ನಮ್ಮವ್ವನ್ನ ಮಣ್ಣು ಮಾಡ್ತಿದ್ರು, ನಾನ್ ನಗ್ತಾ ಹೋದೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ನೀನು ಹೊಸೂರಿಗೆ ಹೋಗು. ನಮ್ಮವ್ವನ ಮಾತು ನಮ್ಮವ್ವನ್ ಜೊತೇಲೇ ಹೋಯ್ತು. ಅಲ್ಲಿ ದೊಡ್ಡ ಮೇಷ್ಟ್ರು ಇರ್ತಾರಲ್ಲ, ಸರ್ಯಾಗಿ ಕಲ್ತ್ಕೊಂಡ್ ಬಾ. ಬಂದು ನಂಗ್ ಹೇಳು, ಆ ಸೊನ್ನೆಗೂ ನಮ್ಗೂ ಏನಾರ ಐತಾ ಅಂತ."

ಏನೂ ಇಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ಐದರ ಬಲಗಡೆ ಚಿಕ್ಕ ಅಂಕಿ ಇದ್ದರೆ ಸೊನ್ನೆ ಬರುತ್ತದೆ, ಅದಕ್ಕೆ ಮಾವನ ತಳಿ ಸೀಮೆಯೂ ಗೊತ್ತಿಲ್ಲ ನಾವೂ ಗೊತ್ತಿಲ್ಲ. ಆದರೆ ಅಲ್ಲೇ ಹಾಗೆಂದುಬಿಟ್ಟರೆ ನನ್ನನ್ನು ಕಳಿಸುವುದಕ್ಕೆ ಅವಳ ಹತ್ತಿರ ಬೇರೆ ಕಾರಣ ಉಳಿಯುತ್ತಿರಲಿಲ್ಲ. ಹೂಂ ಎಂದು ಅವಳ ಮಗ್ಗುಲಲ್ಲಿ ಮಲಗಿದೆ.